‘ಪ್ರಥಮ ಮಹಿಳೆ’ ಎಂದರೆ ಸಾಲದು

ಯಾವುದಾದರೊಂದು ಕ್ಷೇತ್ರಕ್ಕೆ ಹೆಣ್ಣೊಬ್ಬಳು ಮೊದಲು ಕಾಲಿಟ್ಟರೆ ನಮ್ಮ ಜನ ಆಕೆಗೆ ‘ಪ್ರಥಮ ಮಹಿಳೆ’ ಎಂಬ ಬಿರುದು ಕೊಟ್ಟು, ಶಾಲು ಹೊದಿಸಿ ಸುಮ್ಮನಾಗುತ್ತಾರೆ. ಆಕೆ ಆ ಕೆಲಸವನ್ನು ಎಲ್ಲಿ ಕಲಿತಳು, ಹೇಗೆ ಮಾಡಿದಳು ಎಂದು ಕೇಳುವವರು ವಿರಳ. ಕನ್ನಡ ಚಲಚ್ಚಿತ್ರದ ಮೊದಲ ನಿರ್ದೇಶಕಿ ಯಾರೆಂದರೆ ಪ್ರೇಮಾ ಕಾರಂತರೆಂದು ನಾವೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ಅಷ್ಟಕ್ಕೇ ಅವರ ಕಥೆ ಮುಗಿಯಬಾರದು. ಇಂಥವರ ಬಾಳನ್ನು ಸಾಕ್ಷ್ಯಚಿತ್ರವಾಗಿ ತೆಗೆಯುವವರು ಹೊಗಳಿಕೆಯನ್ನು ಬದಿಗಿಟ್ಟು ಅವರ ಕಸಬನ್ನು ತೋರಿಸಬೇಕೆಂಬುದು ನನ್ನ ಅಭಿಪ್ರಾಯ.

ಪ್ರೇಮಾ ಅವರು ಒಮ್ಮೆಗೇ ನಿರ್ದೇಶಕಿಯಾದವರಲ್ಲ. ಮೊದಲು ಉಪಾಧ್ಯಾಯಿನಿಯಾಗಿದ್ದರು. ಬಳಿಕ ರಂಗಭೂಮಿಯಲ್ಲಿ ದುಡಿದರು. ಜಿ. ವಿ. ಅಯ್ಯರ್ ಅವರ ‘ಹಂಸಗೀತೆ’ (1975) ಚಿತ್ರಕ್ಕೆ ವಸ್ತ್ರವಿನ್ಯಾಸ ಮಾಡಿದರು. ಬೆಂಗಳೂರಿನಲ್ಲಿ ‘ಬೆನಕ ಮಕ್ಕಳ ಕೇಂದ್ರ’ವನ್ನು ಕಟ್ಟಿ ಮಕ್ಕಳಿಂದ ನಾಟಕವಾಡಿಸಿದರು. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಅವರು ನಿರ್ದೇಶಿಸಿದ ‘ಫಣಿಯಮ್ಮ’ 1983ರಲ್ಲಿ ತೆರೆಗೆ ಬಂದಿತು; ಕನ್ನಡದ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಅದು ಬಾಲವಿಧವೆಯೊಬ್ಬಳ ಕಥೆ. ಉಟ್ಟ ಸೀರೆಯೇ ಹೆಣ್ಣಿನ ಹಣೆಬರಹವನ್ನು ಸಾರುತ್ತಿದ್ದ ಕಾಲದ ಕಥೆಯನ್ನು ಹೇಳಲು ಉಡುಪಿನ ಅರ್ಥ ಬಲ್ಲವರಿಗಿಂತ ತಕ್ಕವರುಂಟೆ? ಸೂಜಿ ಕತ್ತರಿಗಳಿಂದ ಕ್ಯಾಮರಾದವರೆಗಿನ ಈ ದಾರಿಯೇ ಸಾಕ್ಷ್ಯಚಿತ್ರದ ವಸ್ತುವಾಗಬೇಕು. ಬಿ. ವಿ. ಕಾರಂತರ ಪತ್ನಿಯೆಂಬ ಮಾತು ಅದರಲ್ಲಿ ಬರಲಿ, ಆದರೆ ಅದೇ ಮೊದಲ ಮಾತಾಗದಿರಲಿ.

‘ಅವರು ಮಾಡಿದ ಚಿತ್ರವೇ ಇರುವಾಗ ಅವರನ್ನು ಕುರಿತ ಚಿತ್ರವೇಕೆ?’ ಎಂದು ಕೆಲವರು ಕೇಳಬಹುದು. ಚಿತ್ರಗಳಿಗೂ ಸಾವುಂಟು. ಭಾರತದ ಮೊದಲ ನಿರ್ದೇಶಕಿ ಫಾತ್ಮಾ ಬೇಗಂ 1926ರಲ್ಲಿ ತೆಗೆದ ‘ಬುಲ್‌ಬುಲ್-ಎ-ಪರಿಸ್ತಾನ್’ ಇಂದು ನೋಡಲು ಸಿಗುವುದಿಲ್ಲ. ಫ್ರಾನ್ಸಿನ ಆಲಿಸ್ ಗೀ 1896ರಿಂದಲೇ ಚಿತ್ರ ತೆಗೆದರೂ ಜಗತ್ತು ಅವರನ್ನು ಮರೆತಿತ್ತು. ಪಮೇಲಾ ಗ್ರೀನ್ ಎಂಬಾಕೆ ಹಳೆಯ ಕಾಗದಪತ್ರಗಳನ್ನು ಹುಡುಕಿ 2018ರಲ್ಲಿ ‘ಬಿ ನ್ಯಾಚುರಲ್’ ಎಂಬ ಸಾಕ್ಷ್ಯಚಿತ್ರವನ್ನು ಹೊರತಂದರು. ಆಲಿಸ್ ಮುಪ್ಪಿನಲ್ಲಿ ಕೊಟ್ಟಿದ್ದ ಸಂದರ್ಶನ ಉಳಿದಿದ್ದರಿಂದ ಅವರ ಮಾತನ್ನು ಅವರ ಬಾಯಿಂದಲೇ ನಾವು ಕೇಳುವಂತಾಯಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ‘ಮೊದಲು’ ಎಂಬ ಮಾತಿನ ಸವಿಯನ್ನೂ ಭಾರವನ್ನೂ ಬಲ್ಲೆ. ಊರಿನವರು ಹರಸುತ್ತಾರೆ; ಏನು ಓದಿದೆಯೆಂದು ಕೇಳುವುದಿಲ್ಲ. ಆದರೆ ನನ್ನ ಹಿಂದೆ ಬರುವ ತಂಗಿಯರಿಗೆ ಬೇಕಾದುದು ನನ್ನ ಹೆಸರಲ್ಲ. ಫೀಸನ್ನು ಹೇಗೆ ಹೊಂದಿಸಿದೆ, ತಿಳಿಯದ ಪಾಠವನ್ನು ಯಾರಲ್ಲಿ ಕೇಳಿದೆ, ಮನೆಯವರನ್ನು ಹೇಗೆ ಒಪ್ಪಿಸಿದೆ ಎಂಬುದು ಅವರಿಗೆ ಬೇಕು. ಮೊದಲು ನಡೆದವರ ದಾರಿ ತಿಳಿದರಲ್ಲವೆ ಎರಡನೆಯವಳು ನಡೆಯುವುದು?

ಪ್ರೇಮಾ ಅವರು 2007ರಲ್ಲಿ ತೀರಿಕೊಂಡರು. ಅವರ ಕೈಕೆಳಗೆ ನಾಟಕ ಕಲಿತ ಮಕ್ಕಳು ಇಂದು ನಡುವಯಸ್ಸಿನವರಾಗಿರಬೇಕು. ಅವರ ನೆನಪು ಮಾಸುವ ಮುನ್ನ ಕೇಳಿ ದಾಖಲಿಸುವುದು ಲೇಸು. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುಣಿಯುವ ಹೆಂಗಸರನ್ನು ಕಾಣುತ್ತೇವೆ; ಒಬ್ಬಳ ಹೆಸರೂ ನಮಗೆ ಗೊತ್ತಿಲ್ಲ. ಹೊಸಪೇಟೆಗೆ ಸಮೀಪದ ಮರಿಯಮ್ಮನಹಳ್ಳಿಯಲ್ಲಿ ರಂಗದ ಮೇಲೆ ಬಾಳು ಸವೆಸಿದ ಕಲಾವಿದೆಯರಿದ್ದಾರೆ. ನಮ್ಮೆಲ್ಲರ ಕೈಯಲ್ಲಿ ಚಿತ್ರ ತೆಗೆಯುವ ಫೋನುಗಳಿವೆ. ಸಹಪಾಠಿಗಳೇ, ಗುರುಗಳ ಅಪ್ಪಣೆ ಪಡೆದು ಮುಂದಿನ ರಜೆಯಲ್ಲಿ ಆ ತಾಯಂದಿರ ಬಳಿಗೆ ಹೋಗೋಣ. ಅವರು ಕೆಲಸ ಕಲಿತ ಬಗೆಯನ್ನು ಮೊದಲು ಕೇಳೋಣ. ಶಾಲು ಆಮೇಲೆ ಹೊದಿಸಿದರಾಯಿತು.