ಕ್ಯಾನ್ಸರ್ ಲಸಿಕೆ: ಎಣಿಕೆ ಬೇರೆ, ಗುಣ ಬೇರೆ

ಕ್ಯಾನ್ಸರಿಗೆ ಲಸಿಕೆ ಸಿಕ್ಕಿತೆಂಬ ಸುದ್ದಿ ಆಗಾಗ ನಮ್ಮ ಕಿವಿಗೆ ಬೀಳುತ್ತಿರುತ್ತದೆ. ಮನೆಯಲ್ಲಿ ರೋಗಿಯೊಬ್ಬರಿರುವ ಕುಟುಂಬಕ್ಕೆ ಅದು ಬರಿಯ ಸುದ್ದಿಯಲ್ಲ. ಚಿನ್ನ ಅಡವಿಡಬೇಕೆ, ನಡೆಯುತ್ತಿರುವ ಚಿಕಿತ್ಸೆ ಬಿಟ್ಟು ಬೇರೆಡೆಗೆ ಓಡಬೇಕೆ ಎಂಬ ಪ್ರಶ್ನೆ. ಆದುದರಿಂದ ‘ಲಸಿಕೆಗೆ ರೋಗನಿರೋಧಕ ಕಣಗಳು ಚೆನ್ನಾಗಿ ಸ್ಪಂದಿಸಿದವು’ ಎಂಬ ಮಾತಿನ ಬೆಲೆಯೆಷ್ಟು ಎಂಬುದನ್ನು ವಾಚಕರು ತಿಳಿದಿರುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಹೆಪಟೈಟಿಸ್ ಬಿ ಹಾಗೂ ಎಚ್.ಪಿ.ವಿ. ಲಸಿಕೆಗಳು ವೈರಸ್ಸನ್ನೇ ತಡೆದು, ಅದರಿಂದ ಮುಂದೆ ಬರಬಹುದಾದ ಯಕೃತ್ತಿನ ಮತ್ತು ಗರ್ಭಕಂಠದ ಕ್ಯಾನ್ಸರನ್ನು ದೂರವಿಡುತ್ತವೆ. ಅವುಗಳ ಪ್ರಯೋಜನ ರುಜುವಾತಾಗಿದೆ. ಇಲ್ಲಿ ಹೇಳಹೊರಟಿರುವುದು ರೋಗ ಬಂದ ಮೇಲೆ ಕೊಡುವ ಲಸಿಕೆಯ ವಿಚಾರ.

ಈ ಲಸಿಕೆ ಗಡ್ಡೆಯ ಪ್ರೋಟೀನಿನ ತುಣುಕುಗಳನ್ನು ದೇಹಕ್ಕೆ ಪರಿಚಯಿಸಿ, ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ಅದರ ವಿರುದ್ಧ ಎಬ್ಬಿಸಲು ಯತ್ನಿಸುತ್ತದೆ. ಅವು ಎದ್ದವೋ ಇಲ್ಲವೋ ಎಂದು ತಿಳಿಯುವ ವಿಧಾನಗಳಲ್ಲಿ ‘ಎಲಿಸ್ಪಾಟ್’ ಒಂದು. ರೋಗಿಯ ರಕ್ತದಿಂದ ಬೇರ್ಪಡಿಸಿದ ಕಣಗಳನ್ನು ಸಣ್ಣ ಗುಳಿಗಳುಳ್ಳ ತಟ್ಟೆಗೆ ಹಾಕಿ ಅದೇ ಪ್ರೋಟೀನಿನ ತುಣುಕನ್ನು ಬೆರೆಸುತ್ತಾರೆ. ಅದನ್ನು ಗುರುತಿಸಿದ ಕಣವು ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಸ್ರವಿಸುತ್ತದೆ. ಕಣವಿದ್ದಲ್ಲಿ ಒಂದು ಚುಕ್ಕೆ ಮೂಡುತ್ತದೆ. ಲಸಿಕೆಗೆ ಮೊದಲು ಎಷ್ಟು ಚುಕ್ಕೆ, ಅನಂತರ ಎಷ್ಟು ಎಂಬುದೇ ಲೆಕ್ಕ.

ಇದು ಶಾಲೆಯ ಹಾಜರಿ ಪುಸ್ತಕವಿದ್ದಂತೆ. ಹಾಜರಿ ತುಂಬಿದ ಮಾತ್ರಕ್ಕೆ ತರಗತಿಯೆಲ್ಲ ತೇರ್ಗಡೆಯಾಯಿತೆನ್ನಲಾಗದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಾ. ಸ್ಟೀವನ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು ತಾವು ಲಸಿಕೆ ಕೊಟ್ಟ 440 ರೋಗಿಗಳ ಲೆಕ್ಕವನ್ನು 2004ರಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಸಿದರು: ಗಡ್ಡೆ ಗಣನೀಯವಾಗಿ ಕುಗ್ಗಿದ್ದು ನೂರಕ್ಕೆ 2.6ರಷ್ಟು ಮಂದಿಯಲ್ಲಿ ಮಾತ್ರ. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ರೋಗಿಗಳಲ್ಲಿ ಟಿ ಕೋಶಗಳು ಅತ್ಯಧಿಕ ಪ್ರಮಾಣಕ್ಕೇರಿದರೂ ರೋಗ ಮುಂದುವರಿದುದನ್ನು 2005ರಲ್ಲಿ ಅದೇ ತಂಡ ತಿಳಿಸಿತು. ರಕ್ತದಲ್ಲಿರುವ ಕಣ ಗಡ್ಡೆಯೊಳಕ್ಕೆ ಹೋಗಬೇಕು. ಹೋದರೂ ಅಲ್ಲಿ ಸೋಲದೆ ನಿಲ್ಲಬೇಕು. ಗಡ್ಡೆಯಾದರೋ ತನ್ನ ಗುರುತನ್ನೇ ಮರೆಮಾಚಬಲ್ಲದು.

ಹಾಗೆಂದು ಎಣಿಕೆಯೇ ವ್ಯರ್ಥವೆನ್ನುವವರ ಮಾತನ್ನೂ ನಾವು ಒಪ್ಪಲಾರೆವು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ತಂಡವು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯಾದ 16 ಮಂದಿಗೆ, ಇತರ ಔಷಧಗಳೊಡನೆ, ಅವರವರ ಗಡ್ಡೆಗೆ ತಕ್ಕಂತೆ ತಯಾರಿಸಿದ ಎಂ.ಆರ್.ಎನ್.ಎ. ಲಸಿಕೆ ಕೊಟ್ಟ ವರದಿ 2023ರಲ್ಲಿ ಪ್ರಕಟವಾಯಿತು. ಎಲಿಸ್ಪಾಟಿನಲ್ಲಿ ಎಂಟು ಮಂದಿಯ ಕಣಗಳು ಸ್ಪಂದಿಸಿದವು, ಎಂಟು ಮಂದಿಯವು ಸ್ಪಂದಿಸಲಿಲ್ಲ. ಸ್ಪಂದಿಸದವರಲ್ಲಿ ಅರ್ಧದಷ್ಟು ಮಂದಿಗೆ 13.4 ತಿಂಗಳೊಳಗೆ ರೋಗ ಮರುಕಳಿಸಿತು. ಸ್ಪಂದಿಸಿದವರಲ್ಲಿ ಸುಮಾರು ಒಂದೂವರೆ ವರ್ಷದ ನಿಗಾದಲ್ಲೂ ಆ ಮಟ್ಟ ಮುಟ್ಟಿರಲಿಲ್ಲ. ಆಶಾದಾಯಕವೇನೋ ಹೌದು. ಆದರೆ ಇದ್ದವರು ಹದಿನಾರೇ ಮಂದಿ. ದೇಹಬಲ ಮೊದಲೇ ಹೆಚ್ಚಿದ್ದವರಲ್ಲೇ ಕಣಗಳೂ ಎದ್ದಿರಬಹುದಲ್ಲವೆ? ಲಸಿಕೆ ಕೊಟ್ಟವರನ್ನೂ ಕೊಡದವರನ್ನೂ ಹೋಲಿಸುವ ದೊಡ್ಡ ಪರೀಕ್ಷೆಯಿಂದಲೇ ಈ ಸಂದೇಹ ನಿವಾರಣೆಯಾಗಬೇಕು. ಎಣಿಕೆಯಿಲ್ಲದಿದ್ದರೆ ಲಸಿಕೆ ಎಲ್ಲಿ ಎಡವಿತೆಂಬುದೇ ಗೊತ್ತಾಗುವುದಿಲ್ಲ. ಎಣಿಕೆಯೊಂದನ್ನೇ ನಂಬಿದರೆ ಗೆದ್ದೆವೆಂಬ ಭ್ರಮೆ ಉಳಿಯುತ್ತದೆ.

ಆದಕಾರಣ, ಇಂಥ ಸುದ್ದಿ ಬರೆಯುವವರು ಕಣಗಳು ಸ್ಪಂದಿಸಿದವೆಂಬಲ್ಲಿಗೆ ಲೇಖನಿ ಕೆಳಗಿಡಬಾರದು. ರೋಗಿಗಳು ಎಷ್ಟು ಮಂದಿ, ಯಾರೊಡನೆ ಹೋಲಿಸಿದರು, ಎಷ್ಟು ಮಂದಿ ಎಷ್ಟು ಕಾಲ ಬದುಕಿದರು ಎಂಬುದನ್ನೂ ಬರೆಯಬೇಕು. ಓದುವವರೂ ಅಷ್ಟನ್ನು ಕೇಳಬೇಕು. ಮನೆಯಲ್ಲಿ ರೋಗಿಯಿದ್ದವರು ಪತ್ರಿಕೆಯ ತುಂಡನ್ನು ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತೋರಿಸಿ ಇದೇ ಪ್ರಶ್ನೆಗಳನ್ನು ಕೇಳಲಿ, ಅದಕ್ಕೆ ಸಂಕೋಚಪಡಬೇಕಾದುದಿಲ್ಲ. ಉತ್ತರ ಸಿಗುವವರೆಗೆ ನಡೆಯುತ್ತಿರುವ ಚಿಕಿತ್ಸೆಯನ್ನು ಮಾತ್ರ ನಡುವೆ ಬಿಡಬಾರದು.