ಒತ್ತುವರಿಯೇ ಆಗಿಲ್ಲವೆಂದರೆ ತೆರವು ಯಾವುದರದ್ದು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತನಿಗೆ ಒತ್ತುವರಿ ಹೊಸತಲ್ಲ. ಪಕ್ಕದ ತೋಟದವನು ಬದು ಕಡಿದು ಈಚೆಗೆ ಒಂದು ಸಾಲು ತೆಂಗಿನ ಸಸಿ ನೆಟ್ಟರೆ ಮೊದಲು ಊರಿನವರಿಗೆ ಹೇಳುತ್ತಾನೆ, ಆಮೇಲೆ ಹದ್ದುಬಸ್ತಿಗೆ ಅರ್ಜಿ ಹಾಕುತ್ತಾನೆ. ಸರ್ವೆಯವರು ಬಂದು ಬಾಂದು ಕಲ್ಲು ಹುಡುಕುವ ಹೊತ್ತಿಗೆ ‘ನನ್ನ ಜಮೀನಿಗೆ ಯಾರೂ ಕಾಲಿಟ್ಟಿಲ್ಲ’ ಎಂದು ಅವನೇ ಹೇಳಿಬಿಟ್ಟರೆ ಅಳತೆ ಅಲ್ಲಿಗೇ ನಿಂತಿತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಕೊಟ್ಟದ್ದು ಇಂಥದೇ ಹೇಳಿಕೆ.

ಜೂನ್ 15ರ ರಾತ್ರಿ ಲಡಾಖ್‌ನ ಗಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರೊಂದಿಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. 17ರಂದು ವಿದೇಶಾಂಗ ಸಚಿವ ಜೈಶಂಕರ್ ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ಅವರಿಗೆ ಫೋನಿನಲ್ಲೇ ನೇರವಾಗಿ ಹೇಳಿದರು: ವಾಸ್ತವ ನಿಯಂತ್ರಣ ರೇಖೆಯ ನಮ್ಮ ಭಾಗದಲ್ಲಿ ನಿಮ್ಮವರು ಕಟ್ಟಡ ಎಬ್ಬಿಸಲು ನೋಡಿದರು, ಇದು ಪೂರ್ವಯೋಜಿತ ಕೃತ್ಯ. 19ರಂದು ಸರ್ವಪಕ್ಷ ಸಭೆಯಲ್ಲಿ ಪ್ರಧಾನಿ, ನಮ್ಮ ಗಡಿಯೊಳಗೆ ಯಾರೂ ನುಗ್ಗಿಲ್ಲ ಎಂದರು. ಈ ಮಾತು 15ರ ಘಟನೆಗೆ ಸಂಬಂಧಿಸಿದ್ದು ಎಂದು ಮರುದಿನ ಪ್ರಧಾನಿ ಕಾರ್ಯಾಲಯ ಸ್ಪಷ್ಟನೆ ಕೊಟ್ಟಿತು. ಅಷ್ಟರಲ್ಲಿ ನಮ್ಮ ದೂರಿನ ಬುಡವನ್ನು ನಾವೇ ಕಡಿದಾಗಿತ್ತು. ತಿಂಗಳ ಕೊನೆಗೆ 59 ಚೀನಾ ಆ್ಯಪ್‌ಗಳನ್ನು ನಿಷೇಧಿಸಿದರು, ಹಳ್ಳಿ ಹುಡುಗರೂ ಟಿಕ್‌ಟಾಕ್ ಕಳೆದುಕೊಂಡರು. ಚೀನಾದಿಂದ ಆಮದು ಮಾತ್ರ 2023–24ರಲ್ಲಿ ಹತ್ತು ಸಾವಿರ ಕೋಟಿ ಡಾಲರ್ ದಾಟಿತು.

ಯೋಧರು ಗುಂಡು ಹಾರಿಸಲಿಲ್ಲವೇಕೆ ಎಂಬ ಪ್ರಶ್ನೆಗೆ ಜೈಶಂಕರ್ ಕೊಟ್ಟ ಉತ್ತರದಲ್ಲಿ 1996ರ ಒಪ್ಪಂದವಿತ್ತು. ಅದಕ್ಕೆ ಸಹಿ ಬಿದ್ದದ್ದು ನಮ್ಮ ಪಕ್ಕದ ಹಾಸನದ ದೇವೇಗೌಡರು ಪ್ರಧಾನಿಯಾಗಿದ್ದಾಗ, ನವೆಂಬರ್ 29ರಂದು. ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸಬಾರದೆಂಬುದನ್ನು ಎಲ್ಲರೂ ನೆನೆಯುತ್ತಾರೆ. ಅದೇ ಒಪ್ಪಂದದ ಹತ್ತನೇ ವಿಧಿಯನ್ನು ಯಾರೂ ಎತ್ತುವುದಿಲ್ಲ: ರೇಖೆ ಎಲ್ಲಿದೆ ಎಂದು ತಾವು ತಿಳಿದಿರುವುದನ್ನು ತೋರಿಸುವ ನಕ್ಷೆಗಳನ್ನು ಎರಡೂ ದೇಶ ಬದಲಾಯಿಸಿಕೊಳ್ಳಬೇಕು. ಮಧ್ಯ ವಲಯದ ನಕ್ಷೆಯೊಂದು ಕೈಬದಲಾಯಿತು. ಲಡಾಖ್ ಇರುವ ಪಶ್ಚಿಮ ವಲಯದ ಕೆಲಸ 2002ರಲ್ಲಿ ನಿಂತಿತು. ರಾಜತಾಂತ್ರಿಕತೆ ಸೋತದ್ದು ಅಲ್ಲಿ, ಎಲ್ಲ ಪಕ್ಷದ ಸರ್ಕಾರಗಳ ಕೈಯಲ್ಲೂ.

ನೆಹರೂ ತಪ್ಪು ಮಾಡಿದರು ಎನ್ನುವವರ ಮಾತು ನಿಜ. ಅಕ್ಸಾಯ್ ಚಿನ್‌ನಲ್ಲಿ ಚೀನಾ ಕಟ್ಟಿದ ರಸ್ತೆಯ ಸಂಗತಿಯನ್ನು 1959ರ ಆಗಸ್ಟ್‌ವರೆಗೂ ಸಂಸತ್ತಿಗೆ ಹೇಳಲಿಲ್ಲ. ಆದರೆ ಸದಸ್ಯರು ಪಟ್ಟು ಹಿಡಿದಾಗ ಬೀಜಿಂಗ್ ಜೊತೆಗಿನ ಪತ್ರವ್ಯವಹಾರವನ್ನೇ ಸೆಪ್ಟೆಂಬರ್‌ನಲ್ಲಿ ಶ್ವೇತಪತ್ರವಾಗಿ ಮುಂದಿಟ್ಟರು. 1962ರಲ್ಲಿ ವಾಜಪೇಯಿ ಅಧಿವೇಶನ ಕರೆಯಿರಿ ಎಂದರು. ನವೆಂಬರ್ 8ಕ್ಕೆ, ಯುದ್ಧ ನಡೆಯುತ್ತಿರುವಾಗಲೇ, ಸದನ ಸೇರಿತು. 2020ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಸಚಿವರು ಲೋಕಸಭೆಯಲ್ಲಿ ಹೇಳಿಕೆ ಓದಿದರು, ಚರ್ಚೆಗೆ ಅವಕಾಶ ಸಿಗಲಿಲ್ಲ. 2022ರ ಡಿಸೆಂಬರ್‌ನಲ್ಲಿ ತವಾಂಗ್ ಬಳಿ ಘರ್ಷಣೆಯಾದಾಗಲೂ ಹಾಗೆಯೇ. ಪ್ರಶ್ನೆ ಕೇಳಿದರೆ ಸೈನ್ಯದ ಸ್ಥೈರ್ಯ ಕುಗ್ಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ನಮ್ಮ ಹೋಬಳಿಗಳಿಂದ ಸೇನೆಗೆ ಮಕ್ಕಳನ್ನು ಕಳಿಸಿದ ತಾಯಂದಿರಿಗೆ ಏನಾಯಿತೆಂದು ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚು.

2024ರ ಅಕ್ಟೋಬರ್ 21ರಂದು ಲಡಾಖ್‌ನ ದೆಪ್ಸಾಂಗ್, ದೆಮ್‌ಚೋಕ್ ಗಸ್ತಿನ ಬಗ್ಗೆ ಚೀನಾದೊಂದಿಗೆ ಒಪ್ಪಂದವಾಯಿತು. ಒಳ್ಳೆಯದೇ. ಹೊರಗಿನವರು ನುಗ್ಗಿರದಿದ್ದರೆ ನಾಲ್ಕು ವರ್ಷ ಮಾತುಕತೆ ನಡೆದದ್ದು ಯಾವುದಕ್ಕೆ? ಅದಕ್ಕೂ ಮೊದಲು ಎರಡೂ ಕಡೆಯ ಸೇನೆ ಹಿಂದೆ ಸರಿದಾಗ ಹುಟ್ಟಿದ ನಡುವಲಯಗಳಿಂದಾಗಿ ಚುಶೂಲ್ ಕಡೆಯ ಕುರಿಗಾಹಿಗಳು ಹಳೆಯ ಹುಲ್ಲುಗಾವಲು ಕಳೆದುಕೊಂಡೆವೆಂದು ಗೋಳಾಡಿದ್ದಾರೆ. ಗೋಮಾಳ ಕಳೆದುಕೊಂಡ ಸಂಕಟವನ್ನು ಚಿಕ್ಕನಾಯಕನಹಳ್ಳಿಯ ಕುರಿ ಸಾಕುವವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮೂರೂ ತಾಲ್ಲೂಕು ತುಮಕೂರು ಲೋಕಸಭಾ ಕ್ಷೇತ್ರದಲ್ಲಿವೆ. 2024ರಲ್ಲಿ ಇಲ್ಲಿಂದ ಗೆದ್ದ ವಿ. ಸೋಮಣ್ಣ ಕೇಂದ್ರದಲ್ಲಿ ಸಚಿವರಾದರು. ಕೊಬ್ಬರಿ ಬೆಲೆಗೆಂದು ಅವರ ಬಳಿ ಹೋಗುವ ನಿಯೋಗಗಳು ಈ ಎರಡು ಪ್ರಶ್ನೆಗಳನ್ನೂ ಒಯ್ಯಲಿ: 2024ರ ಒಪ್ಪಂದದ ಪೂರ್ಣ ಪಾಠವನ್ನು ಸಂಸತ್ತಿನ ಮುಂದೆ ಯಾವಾಗ ಇಡುತ್ತೀರಿ? 2020ರ ಏಪ್ರಿಲ್‌ಗೆ ಮೊದಲು ನಮ್ಮವರು ಗಸ್ತು ತಿರುಗುತ್ತಿದ್ದ ಯಾವ ಯಾವ ಜಾಗಕ್ಕೆ ಇಂದಿಗೂ ಹೋಗುವಂತಿಲ್ಲ?