ಹಿಂದಿನ ಸಂಜೆಯ ಶುಭಾಶಯ

ಶಿವಮೊಗ್ಗದಲ್ಲಿ ರಾತ್ರಿ ಹನ್ನೆರಡಾಗುತ್ತಲೇ ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲರೂ ಒಂದೇ ಫೋನಿಗೆ ಮುಖವೊಡ್ಡಿ ಹುಟ್ಟುಹಬ್ಬದ ಶುಭಾಶಯ ಕೂಗುತ್ತಾರೆ. ಚಳಿಗಾಲದ ಜರ್ಮನಿಯಲ್ಲಿ ಆಗಿನ್ನೂ ಹಿಂದಿನ ದಿನದ ಸಂಜೆ ಏಳೂವರೆ. ರೋಟರಿಯ ಯುವ ವಿನಿಮಯದಂಥ ಯೋಜನೆಯಲ್ಲಿ ಅಲ್ಲಿ ಯಾರದೋ ಮನೆಯ ಮಗಳಾಗಿ ವರ್ಷ ಕಳೆಯುವ ಹದಿನಾರರ ಹುಡುಗಿಗೆ ಇದೇ ಸಂಕಟ: ದಿನ ಹುಟ್ಟುವ ಮೊದಲೇ ಶುಭ ಕೋರುವುದು ಜರ್ಮನ್ನರಿಗೆ ಅಪಶಕುನ.

ಅಪಶಕುನದ ಅಳುಕನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ದೇವರ ದೀಪವನ್ನು ‘ಆರಿಸು’ ಎನ್ನದೆ ‘ಶಾಂತ ಮಾಡು’ ಎನ್ನುವ ಮನೆಗಳಿಂದ ಹೋದವರು ಅವರು. ಕೇಕಿನ ಮೇಲಿನ ಮೇಣದಬತ್ತಿ ಊದುವುದು ಶಿವಮೊಗ್ಗದಲ್ಲೂ ಈಗ ರೂಢಿ. ಆದರೆ ಬೆಳಗ್ಗೆ ಎಣ್ಣೆನೀರು, ಆರತಿ, ಪಾಯಸ, ಹಿರಿಯರ ಕಾಲಿಗೆ ನಮಸ್ಕಾರ ಆದಮೇಲೆ.

ಭದ್ರಾವತಿಯ ಮಕ್ಕಳಿಗಂತೂ ಇಂಥ ವ್ಯತ್ಯಾಸ ಪಕ್ಕದ ಮನೆಯಲ್ಲೇ ಸಿಗುತ್ತದೆ. 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆ ಆರಂಭಿಸಿತು. ಆಮೇಲೆ ಕಾಗದದ ಕಾರ್ಖಾನೆ ಬಂತು. ಕೆಲಸ ಹುಡುಕಿ ತಮಿಳರು, ತೆಲುಗರು, ಮಲಯಾಳಿಗಳು ಬಂದು ನೆಲೆಸಿದರು. ಮಲಯಾಳಿ ಮನೆಯಲ್ಲಿ ಹುಟ್ಟುಹಬ್ಬ ಬರುವುದು ತಾರೀಖಿನಿಂದಲ್ಲ, ಹುಟ್ಟಿದ ತಿಂಗಳಿನ ಜನ್ಮನಕ್ಷತ್ರದಿಂದ. ಹಾಗಾಗಿ ಗೆಳೆಯನ ಹಬ್ಬ ವರ್ಷ ವರ್ಷವೂ ಬೇರೆ ತಾರೀಖಿಗೆ ಬೀಳುತ್ತದೆ. ನಮ್ಮಲ್ಲೂ ತಿಥಿ, ನಕ್ಷತ್ರ ನೋಡುವ ಮನೆಗಳಿವೆಯಲ್ಲ!

ನೆದರ್ಲೆಂಡ್ಸ್‌ನಲ್ಲಿ ಅಭಿನಂದನೆ ಹುಟ್ಟಿದವಳೊಬ್ಬಳಿಗೇ ಸಲ್ಲುವುದಿಲ್ಲ. ಬಂದ ನೆಂಟರು ಅವಳ ಅಪ್ಪ, ಅಮ್ಮ, ತಮ್ಮ ಎಲ್ಲರ ಕೈಕುಲುಕಿ ಅಭಿನಂದಿಸುತ್ತಾರೆ. ಜರ್ಮನಿಯಲ್ಲಿ ಕೇಕು ತರಬೇಕಾದವಳು ಹುಟ್ಟುಹಬ್ಬದವಳೇ. ಬಣ್ಣದ ಬಟ್ಟೆ ತೊಟ್ಟು ತರಗತಿಗೆಲ್ಲ ಚಾಕಲೇಟು ಹಂಚಿದವಳಿಗೆ ಇದು ಹೊಸತಲ್ಲ.

ಎಲ್ಲಕ್ಕಿಂತ ಹತ್ತಿರದ್ದು ಕೊರಿಯಾದ ಪದ್ಧತಿ. ಅಲ್ಲಿ ಹುಟ್ಟುಹಬ್ಬದ ಬೆಳಗ್ಗೆ ಮಿಯೊಕ್‌ಗುಕ್ ಎಂಬ ಕಡಲಪಾಚಿಯ ಸಾರು ಉಣ್ಣುತ್ತಾರೆ. ಅದು ಮೂಲತಃ ಬಾಣಂತಿಯ ಆಹಾರ. ಹೆರಿಗೆಯ ನಂತರ ತಾಯಿ ವಾರಗಟ್ಟಲೆ ಉಂಡ ಸಾರನ್ನೇ ಮಗು ಪ್ರತಿ ವರ್ಷ ಉಣ್ಣುತ್ತದೆ. ನಮ್ಮಲ್ಲಿ ಮೆಣಸಿನ ಸಾರು, ಅಂಟಿನುಂಡೆಗಳು ಬಾಣಂತನ ಮುಗಿದೊಡನೆ ಮರೆಗೆ ಸರಿಯುತ್ತವೆ. ಹುಟ್ಟುಹಬ್ಬದ ಎಲೆಯ ಮೇಲೆ ಅವಕ್ಕೆ ಜಾಗವಿಲ್ಲ. ಇರಬೇಕಿತ್ತು. ಸೋಲ್‌ನ ಊಟದ ಮೇಜಿನಲ್ಲಿ ಆ ಹಸಿರು ಬಟ್ಟಲಿನ ಮುಂದೆ ಕೂತ ಮಲೆನಾಡಿನ ಮಗು, ಊರಿಗೆ ಫೋನು ಮಾಡಿ ಮೊದಲು ಕೇಳಬೇಕಾದ್ದು ಇದು: ‘ಅಮ್ಮಾ, ನಾನು ಹುಟ್ಟಿದಾಗ ನಿನಗೆ ಬಾಣಂತನ ಮಾಡಿದವರು ಯಾರು? ಏನೇನು ಉಣ್ಣಿಸಿದರು?’